ನಡುಕ ಒರೆಸುವ ಕೆಲಸ

ಮಲಾಡಿನ ಮೂರನೇ ಮಹಡಿ. ಕಿಟಕಿಗಳಿಗೆ ಕಪ್ಪು ಬಟ್ಟೆ.
ಸುಲಭಾತಾಯಿ ಘಾಡಿಗಾಂವ್ಕರ್ ಡೊಂಬಿವಲಿಯಿಂದ
ದಾದರಿನಲ್ಲಿ ಗಾಡಿ ಬದಲಿಸಿ ಬಂದು, ಸೀರೆ ಮಡಿಸಿಟ್ಟು,
ಮೈಗಂಟುವ ಕರಿಯಂಗಿ ತೊಟ್ಟು,
ನಲವತ್ತೊಂದು ಬಿಳಿ ಗೋಲಿ ಅಂಟಿಸಿಕೊಂಡು ನಿಂತರು,
ಚುಕ್ಕಿ ಇಟ್ಟಾದ ಮೇಲೆ ಗೆರೆಗೆ ಕಾಯುವ ಅಂಗಳದ ಹಾಗೆ.

ಆಟದಲ್ಲಿ ಅವಳಿಗೆ ಹೆಸರಿಲ್ಲ. ಬಂದರಿನ ಹೆಂಗಸು, ಸಂಖ್ಯೆ ಏಳು.
ಆಡುವವನು ಕತ್ತಿ ಹಿಡಿದು ಓಡುವಾಗ ಎಡಗಡೆ
ಒಂಬತ್ತು ಸೆಕೆಂಡು ಕಾಣುತ್ತಾಳೆ.
ದೋಣಿ ಮರಳಿಲ್ಲ ಎಂಬುದು ಅವನಿಗೆ ಅವಳಿಂದಲೇ ತಿಳಿಯಬೇಕು.
ಮಾತಿಲ್ಲ. ಮುಖಕ್ಕೆ ಬಜೆಟ್ಟಿಲ್ಲ:
ಕಣ್ಣೆಂದರೆ ಬಳಿದ ಎರಡು ಕಲೆ, ಬಾಯಿ ತೆರೆಯುವುದಿಲ್ಲ.

"ದುಃಖ ಬೇಕು," ಅಂದ ಝರೀರ್. "ಅಳು ಬೇಡ."

ತಲೆಮೇಲೆ ಕೈಹೊತ್ತು ಕೂತರು. ತೆರೆಯ ಮೇಲೆ ಅದು
ತಲೆನೋವಿನ ಗುಳಿಗೆಯ ಜಾಹೀರಾತು.
ಎದೆ ಬಡಿದುಕೊಂಡರು. ಸೊಳ್ಳೆ ಹೊಡೆದಂತಾಯಿತು.
ಕೈಚೆಲ್ಲಿದರು. ರಿಕ್ಷಾ ಸಿಗಲಿಲ್ಲವೇ ಎಂದು ಯಾರೋ ನಕ್ಕರು.
ನನ್ನ ಭಾಷೆ ಸಂಕಟವನ್ನೆಲ್ಲ ಕೈಕಾಲಿನಲ್ಲೇ ಕೂಡಿಟ್ಟಿದೆ
ಅಂತ ನಂಬಿದ್ದೆ. ಒಂದೊಂದೇ ನುಡಿಗಟ್ಟು
ಕರಿಯಂಗಿ ತೊಟ್ಟು ಬಂದು, ಸೋತು, ಕೆಳಗಿಳಿಯಿತು.

ಚಹಾ ಆದಮೇಲೆ, ಹತ್ತೊಂಬತ್ತನೆಯ ಸಲ,
ಅವರು ಏನೂ ಮಾಡಲಿಲ್ಲ.
ಹೋಗಲೆಂದು ತಿರುಗಿದರು, ಹೋಗಲಿಲ್ಲ.
ಮೈಯ ಭಾರ ಬಲಗಾಲಿಗೆ ಬಂತು, ಅಲ್ಲೇ ಮರೆತುಹೋಯಿತು.
ಎಡಗೈ ಇಲ್ಲದ ಸೆರಗನ್ನು ಹುಡುಕಿ, ಸಿಕ್ಕಂತೆ ಹಿಡಿದು, ಹಿಂಡಿತು.
ಕಟ್ ಅನ್ನುವುದನ್ನು ಝರೀರ್ ಮರೆತ.

ಆಮೇಲೆ ನನ್ನ ಸರದಿ. ನನ್ನದು ಒರೆಸುವ ಕೆಲಸ.
ಜಾರಿದ ಚುಕ್ಕಿ, ನೆಲದೊಳಗೆ ಹೂತ ಹಿಮ್ಮಡಿ,
ತನ್ನ ಪಕ್ಕೆಲುಬಿನೊಳಗೇ ತೂರಿಕೊಂಡ ಮೊಣಕೈ.
ರಾತ್ರಿ ಹನ್ನೊಂದು. ಕೆಳಗೆ ಲಿಂಕ್ ರೋಡಿನ ಹಾರ್ನುಗಳು.
ಚರ್ಮವಿಲ್ಲ, ಬಟ್ಟೆಯಿಲ್ಲ, ಕತ್ತಲಲ್ಲಿ ನಲವತ್ತೊಂದು ಚುಕ್ಕಿ,
ಆದರೂ ಯಾರನ್ನು ಕೇಳಿದರೂ ಹೇಳಿಯಾರು:
ಹೆಂಗಸು, ಐವತ್ತು ದಾಟಿದೆ, ಮೊಣಕಾಲು ನೋವು,
ಯಾರಿಗೋ ಕಾಯುತ್ತಿದ್ದಾಳೆ.

ಫ್ರೇಮ್ ನಾನೂರ ಹನ್ನೆರಡರಲ್ಲಿ
ಎಡ ತೋರುಬೆರಳಿನ ಚುಕ್ಕಿ ನಡುಗುತ್ತಿತ್ತು.
ಕ್ಯಾಮೆರಾದ ತಪ್ಪು ಅಂದುಕೊಂಡು ಒರೆಸಿದೆ.
ಅವಳು ಬಸ್ಸಿಗೆ ಕಾಯುವವಳಾದಳು.
ಮರಳಿಸಿದೆ. ದೋಣಿ ಮುಳುಗಿತು.
ಒರೆಸಿದೆ: ಬಸ್ಸು.
ಮರಳಿಸಿದೆ: ದೋಣಿ.

ಎರಡು ದಿನ ಬಿಟ್ಟು ಫೋನು. ಹಿಂದೆ ಕುಕ್ಕರಿನ ಸೀಟಿ.
"ನೋಡು, ಎಡಗೈಯಲ್ಲಿ ಏನಾದರೂ ಕಂಡರೆ ತೆಗೆದುಬಿಡು.
ಅದು ಅಭಿನಯ ಅಲ್ಲ. ಫೆಬ್ರುವರಿಯಿಂದ ಶುರುವಾಗಿದೆ.
ನಾಟಕದವರಿಗೆ ಹೇಳಿಲ್ಲ. ಮಗಳಿಗೂ.
ಅವಳ ಕೈ ಅವಳದಿರಲಿ, ನನ್ನದು ನನಗೆ."
ಬಿಲ್ಲಿನ ಬಗ್ಗೆಯೂ ಕೇಳಿದರು, ಮೂರು ತಿಂಗಳಾಯಿತಂತೆ.

ಅವತ್ತು ಕೊನೆಯ ಬೋರಿವಲಿ ಲೋಕಲ್ಲಿನಲ್ಲಿ
ಲಗೇಜು ಡಬ್ಬಿ ಹತ್ತಿ ಕೈಗಳನ್ನೇ ನೋಡಿದೆ.
ಕಂಬಿ ಹಿಡಿದವು. ನಿದ್ದೆಯಲ್ಲೂ ಚೀಲ ಬಿಡದವು.
ಖಾಲಿ ಮೀನುಬುಟ್ಟಿಯ ಮೇಲೆ ಮಲಗಿದ್ದೊಂದು,
ಅದರ ಬಳೆಗೆ ಸಿಕ್ಕಿಸಿದ ಸೇಫ್ಟಿಪಿನ್ನು.
ಎಲ್ಲವೂ ಅಲುಗುತ್ತಿದ್ದವು.
ಯಾವುದು ಗಾಡಿಯದು, ಯಾವುದು ಕೈಯದು,
ಕಾಂದಿವಲಿ ದಾಟಿದರೂ ತಿಳಿಯಲಿಲ್ಲ.

ಬೆಳಿಗ್ಗೆ ಬಂದವನೇ ಕೈಯನ್ನು ನಿಲ್ಲಿಸಿದೆ. ಪೂರ್ತಿ. ಕಲ್ಲು.
ಆ ನಡುಕದ ಗೆರೆಯನ್ನು, ಅದರ ಏರು, ಇಳಿ, ಮತ್ತೆ ಏರು,
ಒಂದೂ ತುಂಡಾಗದಂತೆ ಎತ್ತಿ ಬಟ್ಟೆಗೆ ಕಟ್ಟಿದೆ:
ಆ ಕೈ ಹಿಡಿದ ಸೆರಗಿನ ತುದಿಗೆ.

ಝರೀರ್ ನೋಡಿದ. ಮತ್ತೊಮ್ಮೆ ಹಾಕು ಅಂದ.
"ಗಾಳಿ ಚೆನ್ನಾಗಿ ಬಂದಿದೆ."
ಆ ದೃಶ್ಯದಲ್ಲಿ ಗಾಳಿ ಇಲ್ಲ.
ಹಿಂದೆ ಬಂದರಿನ ಬಾವುಟಗಳು ಜೋತುಬಿದ್ದಿವೆ.
ಹ್ಞೂಂ ಅಂದೆ,
ಬಿಲ್ಲಿನ ಮಾತು ತೆಗೆದೆ.